ಅಮೆರಿಕದಲ್ಲಿ ಫೆಡರಲ್ ಕ್ರಿಮಿನಲ್ ಕೇಸ್ ಬಿದ್ದರೆ: ಬಾಗಿಲು ತಟ್ಟಿದ ಕ್ಷಣದಿಂದ ಅಪೀಲಿನವರೆಗೆ

ಫೆಡರಲ್ ಕೇಸುಗಳಲ್ಲಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರ ಹೂಡುವ ಕೇಸುಗಳಲ್ಲಿ, ನಮ್ಮವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಬೆಳಿಗ್ಗೆ ಆರೂವರೆಗೆ ಇಬ್ಬರು ಅಧಿಕಾರಿಗಳು ಬಾಗಿಲು ತಟ್ಟುತ್ತಾರೆ. ನಾವು ಒಳಗೆ ಕರೆದು ಕೂರಿಸುತ್ತೇವೆ. ಕಾಫಿ ಬೇಕಾ ಅಂತ ಕೇಳುತ್ತೇವೆ. ‘ನಾನೇನೂ ತಪ್ಪು ಮಾಡಿಲ್ಲ, ಎಲ್ಲಾ ಬಿಡಿಸಿ ಹೇಳ್ತೀನಿ’ ಅಂತ ಒಂದೂವರೆ ಗಂಟೆ ಮಾತಾಡುತ್ತೇವೆ. ಅವರು ಹೋದ ಮೇಲೆ ವಕೀಲರನ್ನು ಹುಡುಕುತ್ತೇವೆ. ಇಂಥ ಕುಟುಂಬಗಳ ಜೊತೆ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೇನೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದ್ದೇನೆ. ನಾನು ನೋಡಿದ ಮಟ್ಟಿಗೆ ಕೇಸ್ ಕೈ ಜಾರಿದ್ದು ಜಾಸ್ತಿ ಸಲ ಆ ಒಂದೂವರೆ ಗಂಟೆಯಲ್ಲೇ.

ಇದಕ್ಕೆ ಒಂದು ಕಾರಣ ನಮ್ಮ ಊರಿನ ಲೆಕ್ಕಾಚಾರ. ಭಾರತದಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುವುದು ಅದನ್ನೇ. ಅಮೆರಿಕದಲ್ಲಿ ಆ ಗೋಡೆ ಇಲ್ಲ. ಎಫ್‌ಬಿಐ ಅಧಿಕಾರಿಗೆ ನಿಮ್ಮ ಸೋಫಾ ಮೇಲೆ ಕೂತು ಹೇಳಿದ ಮಾತು ಜ್ಯೂರಿಯ (ತಪ್ಪಿತಸ್ಥರೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡದ) ಮುಂದೆ ಬರಬಹುದು.

ಇಲ್ಲಿ ಹೇಳಿರುವುದು ಫೆಡರಲ್ ಕೋರ್ಟಿಗೆ ಮಾತ್ರ. ವೀಸಾ ವಂಚನೆ, ವೈರ್ ಫ್ರಾಡ್ (ಫೋನ್, ಇಂಟರ್ನೆಟ್ ಮೂಲಕ ಮಾಡುವ ವಂಚನೆ), ವ್ಯಾಪಾರ ರಹಸ್ಯದ ಕಳವು, ಆರೋಗ್ಯ ವಿಮೆಯ ಬಿಲ್ಲಿಂಗ್ ವಂಚನೆ, ಇನ್‌ಸೈಡರ್ ಟ್ರೇಡಿಂಗ್ ಇಂಥವು ಅಲ್ಲಿಗೆ ಹೋಗುತ್ತವೆ. ಕುಡಿದು ಗಾಡಿ ಓಡಿಸಿದ್ದು, ಮನೆ ಜಗಳ ಮುಂತಾದವು ಸಾಮಾನ್ಯವಾಗಿ ರಾಜ್ಯದ ಕೋರ್ಟಿಗೆ. ಅಲ್ಲಿನ ಗಡುವು, ಪದ್ಧತಿ ಎರಡೂ ಬೇರೆ. ನಾನು ವಕೀಲನಲ್ಲ. ವಕೀಲರ ಹತ್ತಿರ ಸರಿಯಾದ ಪ್ರಶ್ನೆ ಕೇಳುವಷ್ಟು ನಿಮ್ಮನ್ನು ತಯಾರು ಮಾಡುವುದು ನನ್ನ ಉದ್ದೇಶ.

## ಮೊದಲು ಕೈಗೆ ಸಿಗುವಂತೆ ಇಡಬೇಕಾದ್ದು

ಒಬ್ಬ ಕ್ರಿಮಿನಲ್ ವಕೀಲರ ನಂಬರನ್ನು ಕಾಗದದ ಮೇಲೆ ಬರೆದಿಡಿ. ಫೋನನ್ನೇ ಜಪ್ತಿ ಮಾಡಿಕೊಂಡು ಹೋದರೆ ಅದರೊಳಗಿನ ನಂಬರ್ ಉಪಯೋಗಕ್ಕೆ ಬರುವುದಿಲ್ಲ. ಹೆಂಡತಿಗೋ ಗಂಡನಿಗೋ ಆ ಕಾಗದ ಎಲ್ಲಿದೆ ಅಂತ ಗೊತ್ತಿರಲಿ. ಪಾಸ್‌ಪೋರ್ಟ್, ವೀಸಾ, ಇಮಿಗ್ರೇಶನ್ ಇಲಾಖೆ ಕಳಿಸಿದ ಐ-797 ನೋಟಿಸುಗಳ ಪ್ರತಿಗಳು ಬೇರೊಂದು ಮನೆಯಲ್ಲಿ ಇರಲಿ. ನಿಮಗಾಗಿ ಕೋರ್ಟಿಗೆ ಬಂದು ಜಾಮೀನಿಗೆ ಸಹಿ ಹಾಕಬಲ್ಲ ಇಬ್ಬರ ಹೆಸರು ಯೋಚಿಸಿಡಿ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದು, ಸ್ಥಿರವಾದ ಕೆಲಸ ಇರುವವರಾದರೆ ಒಳ್ಳೆಯದು.

## ಹಂತ 1: ಬಾಗಿಲಲ್ಲಿ ಹೇಳಬೇಕಾದ ಎರಡು ವಾಕ್ಯ

‘ಐ ವಾಂಟ್ ಟು ಸ್ಪೀಕ್ ಟು ಅ ಲಾಯರ್. ಐ ವಿಲ್ ನಾಟ್ ಆನ್ಸರ್ ಕ್ವೆಶ್ಚನ್ಸ್ ವಿದೌಟ್ ಒನ್.’ ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಬೇಕು. ಸುಮ್ನೆ ಕೂತರೆ ಸಾಲದು. ಸುಮ್ಮನಿದ್ದ ಮಾತ್ರಕ್ಕೆ ಮೌನದ ಹಕ್ಕನ್ನು ಬಳಸಿದಂತಾಗದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ‘ಮೇಬಿ ನಾನು ಲಾಯರ್ ಹತ್ರ ಮಾತಾಡ್ಬೇಕೇನೋ’ ಅನ್ನುವುದೂ ಸಾಲದು ಅಂತ 1994ರಲ್ಲೇ ಹೇಳಿತ್ತು. ನಮ್ಮ ಸಂಕೋಚದ ಮಾತು ಅಲ್ಲಿ ನಡೆಯುವುದಿಲ್ಲ. ಮರ್ಯಾದೆಯಿಂದಲೇ ಹೇಳಿ, ಆದರೆ ಖಚಿತವಾಗಿ ಹೇಳಿ.

‘ನನಗೆ ಹಕ್ಕುಗಳನ್ನು ಓದಿ ಹೇಳಲೇ ಇಲ್ಲ’ ಅನ್ನುವುದು ಆಮೇಲೆ ಬರುವ ದೂರು. ಹಕ್ಕುಗಳನ್ನು ಓದಿ ಹೇಳುವ ಈ ಮಿರಾಂಡಾ ಎಚ್ಚರಿಕೆ ಕೊಡಬೇಕಾದ್ದು ವಶಕ್ಕೆ ತೆಗೆದುಕೊಂಡು ಪ್ರಶ್ನಿಸುವಾಗ. ನಿಮ್ಮ ಮನೆಯಲ್ಲಿ, ನಿಮ್ಮ ಇಷ್ಟದಿಂದ ಮಾತಾಡುತ್ತಿದ್ದರೆ ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಅಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಒಬ್ಬ ಅಧಿಕಾರಿ ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಇಂಥ ಮಾತುಕತೆಯನ್ನು ಸಾಮಾನ್ಯವಾಗಿ ರೆಕಾರ್ಡ್ ಮಾಡುವುದಿಲ್ಲ. ಆಫೀಸಿಗೆ ಹೋದ ಮೇಲೆ ಆ ಟಿಪ್ಪಣಿ ‘302’ ಅನ್ನುವ ವರದಿಯಾಗುತ್ತದೆ. ‘ಆ ಇಮೇಲ್ ನೋಡಿದ ನೆನಪಿಲ್ಲ’ ಅಂತ ನೀವು ಹೇಳಿದ್ದು ಅಲ್ಲಿ ‘ಆ ಇಮೇಲ್ ನೋಡಿಲ್ಲ ಎಂದರು’ ಅಂತ ಆಗಿರಬಹುದು. ಇಮೇಲ್ ಮೊದಲೇ ಅವರ ಕೈಯಲ್ಲಿದೆ. ಅಧಿಕಾರಿಗೆ ಬೇಕೆಂದೇ ಸುಳ್ಳು ಹೇಳುವುದು ಫೆಡರಲ್ ಕಾನೂನು ಸಂಹಿತೆಯ 18ನೇ ಟೈಟಲ್‌ನ 1001ನೇ ಸೆಕ್ಷನ್ ಪ್ರಕಾರ ಬೇರೆಯದೇ ಅಪರಾಧ. ಪ್ರಮಾಣ ಮಾಡಿರಬೇಕು ಅಂತೇನಿಲ್ಲ. ಐದು ವರ್ಷದವರೆಗೆ ಶಿಕ್ಷೆ. ಮೂಲ ಆರೋಪ ಬಿದ್ದುಹೋದರೂ ಇದು ಉಳಿಯಬಹುದು.

ಸರ್ಚ್ ವಾರಂಟ್ ತಂದಿದ್ದರೆ ತಡೆಯಬೇಡಿ. ವಿಳಾಸ ನಿಮ್ಮದೇನಾ, ನ್ಯಾಯಾಧೀಶರ ಸಹಿ ಇದೆಯಾ ನೋಡಿ. ವಾರಂಟಿನ ಪ್ರತಿ, ತೆಗೆದುಕೊಂಡು ಹೋದ ವಸ್ತುಗಳ ಪಟ್ಟಿ ಎರಡನ್ನೂ ಕೇಳಿ ಪಡೆಯಿರಿ. ವಾರಂಟ್ ಇದೆ ಅಂದರೆ ಉತ್ತರ ಕೊಡಲೇಬೇಕು ಅಂತ ಅರ್ಥವಲ್ಲ. ಫೋನಿನ ಪಾಸ್‌ಕೋಡನ್ನು ವಕೀಲರನ್ನು ಕೇಳದೆ ಹೇಳಬೇಡಿ. ವಾರಂಟ್ ಇಲ್ಲದೆ ‘ಸ್ವಲ್ಪ ನೋಡಬಹುದಾ?’ ಅಂದರೆ ಒಪ್ಪಬೇಡಿ. ಒಪ್ಪಿದರೆ ಆ ಹುಡುಕಾಟವನ್ನು ಮುಂದೆ ಪ್ರಶ್ನಿಸುವುದು ಬಹಳ ಕಷ್ಟ.

## ಹಂತ 2: ಏನನ್ನೂ ಅಳಿಸಬೇಡಿ, ರಾಜಿಗೆ ಹೋಗಬೇಡಿ

ಹೆದರಿಕೆಯಲ್ಲಿ ಮೊದಲು ಕೈ ಹೋಗುವುದು ವಾಟ್ಸಾಪ್ ಚಾಟ್ ಅಳಿಸುವುದಕ್ಕೆ. ಫೆಡರಲ್ ತನಿಖೆಗೆ ಅಡ್ಡಿ ಮಾಡಲು ದಾಖಲೆ ನಾಶ ಮಾಡಿದರೆ 20 ವರ್ಷದವರೆಗೆ ಶಿಕ್ಷೆ ಇದೆ. ನಾಲ್ಕು ಚಾಟ್ ಅಳಿಸಿ ಎರಡನೇ ಕೇಸ್ ಮೈಮೇಲೆ ಎಳೆದುಕೊಳ್ಳಬೇಡಿ. ಆ ಚಾಟ್ ಎದುರಿನವರ ಫೋನಿನಲ್ಲಿ ಹೇಗೂ ಇರುತ್ತದೆ.

ಎರಡನೆಯದು ಇನ್ನೂ ಅಪಾಯ, ಯಾಕಂದರೆ ಇದು ನಮ್ಮಲ್ಲಿ ಒಳ್ಳೆಯ ನಡವಳಿಕೆ. ದೂರು ಕೊಟ್ಟವರ ಮನೆಗೆ ಹಿರಿಯರನ್ನು ಕಳಿಸಿ ಮಾತಾಡಿಸುವುದು, ಹಣ ಹಿಂತಿರುಗಿಸಿ ಕೇಸ್ ವಾಪಸ್ ತೆಗೆಸುವುದು. ಕರ್ನಾಟಕದಲ್ಲಿ ಎಷ್ಟೋ ಕೇಸ್ ರಾಜಿಯಾಗಿ ಹೈಕೋರ್ಟಿನಲ್ಲಿ ರದ್ದಾಗುವುದನ್ನು ನೋಡಿದ್ದೇವೆ, ಅಲ್ವಾ? ಫೆಡರಲ್ ಕೇಸಿನ ಶೀರ್ಷಿಕೆಯೇ ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ ವಿರುದ್ಧ’ ನಿಮ್ಮ ಹೆಸರು. ದೂರು ಕೊಟ್ಟವರಿಗೆ ಅದನ್ನು ವಾಪಸ್ ತೆಗೆಯುವ ಅಧಿಕಾರವೇ ಇಲ್ಲ. ‘ಸ್ವಲ್ಪ ನೋಡಿ ಹೇಳಪ್ಪ, ನಮ್ಮ ಹುಡುಗನ ಜೀವನದ ಪ್ರಶ್ನೆ’ ಅಂತ ಊರಿನಿಂದ ಮಾವ ಮಾಡಿದ ಫೋನ್ ಸಾಕ್ಷಿಯನ್ನು ತಿದ್ದುವ ಪ್ರಯತ್ನ ಅನ್ನಿಸಿಕೊಳ್ಳಬಹುದು. ಅದಕ್ಕೂ 20 ವರ್ಷದವರೆಗೆ ಶಿಕ್ಷೆ ಇದೆ. ಈ ಮಾತನ್ನು ಊರಿನವರಿಗೆ ಮೊದಲ ದಿನವೇ ಹೇಳಿ.

ಜೈಲಿನ ಫೋನ್ ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೂ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಅನುವಾದ ಮಾಡಿಸುತ್ತಾರೆ. ಊಟ, ಆರೋಗ್ಯ, ಮಕ್ಕಳು: ಇಷ್ಟಕ್ಕೆ ಮಾತು ನಿಲ್ಲಿಸಿ.

## ಹಂತ 3: ಬಂದಿರುವ ಕಾಗದ ಯಾವುದು ಅಂತ ನೋಡಿ

ಎಲ್ಲರೂ ಕೇಳುವುದು ‘ಎಫ್‌ಐಆರ್ ಕಾಪಿ ಎಲ್ಲಿ?’ ಅಂತ. ಇಲ್ಲಿ ಎಫ್‌ಐಆರ್ ಇಲ್ಲ. ಬರುವ ಕಾಗದಗಳು ಬೇರೆ.

ಸಬ್‌ಪೀನಾ ಅಂದರೆ ದಾಖಲೆ ಕೊಡಿ ಅಥವಾ ಬಂದು ಸಾಕ್ಷಿ ಹೇಳಿ ಅನ್ನುವ ಆದೇಶ. ಟಾರ್ಗೆಟ್ ಲೆಟರ್ ಅಂದರೆ ನಿಮ್ಮ ಮೇಲೆಯೇ ಕಣ್ಣಿದೆ ಅಂತ ಸರ್ಕಾರಿ ವಕೀಲರು ತಿಳಿಸುವ ಪತ್ರ. ಸಾಕ್ಷಿಯೋ, ತನಿಖೆಯ ವ್ಯಾಪ್ತಿಯಲ್ಲಿರುವವರೋ, ಟಾರ್ಗೆಟ್ಟೋ ಅಂತ ನಿಮ್ಮ ವಕೀಲರು ನೇರವಾಗಿ ಫೋನ್ ಮಾಡಿ ಕೇಳಬಹುದು. ಕಂಪ್ಲೇಂಟ್ ಅಂದರೆ ಅಧಿಕಾರಿಯ ಅಫಿಡವಿಟ್ ಆಧಾರದ ಆರೋಪ. ಇಂಡೈಟ್‌ಮೆಂಟ್ ಅಂದರೆ ಗ್ರ್ಯಾಂಡ್ ಜ್ಯೂರಿ ಹೊರಿಸಿದ ಆರೋಪ. ಆರೋಪ ಹೊರಿಸಬೇಕೋ ಬೇಡವೋ ಅಂತ ಮಾತ್ರ ನಿರ್ಧರಿಸುವ ಈ ನಾಗರಿಕರ ತಂಡದಲ್ಲಿ 16ರಿಂದ 23 ಜನ ಇರುತ್ತಾರೆ. 12 ಜನ ಒಪ್ಪಿದರೆ ಸಾಕು. ಆ ಕೋಣೆಯೊಳಗೆ ನಿಮ್ಮ ವಕೀಲರಿಗೆ ಪ್ರವೇಶವಿಲ್ಲ.

ಟಾರ್ಗೆಟ್ ಲೆಟರ್ ಬಂದವರು ಅದನ್ನು ಡ್ರಾಯರಿನಲ್ಲಿಟ್ಟು ದೇವರಿಗೆ ಹರಕೆ ಹೊತ್ತು ಕೂರುತ್ತಾರೆ. ಹರಕೆ ಹೊರಿ, ಆದರೆ ಅದೇ ದಿನ ವಕೀಲರನ್ನೂ ಹಿಡಿಯಿರಿ. ಇಂಡೈಟ್‌ಮೆಂಟಿಗೆ ಮುಂಚಿನ ವಾರಗಳು ಬಹಳ ಬೆಲೆಯುಳ್ಳವು. ಕೇಸ್ ಹಾಕದಂತೆ ಅಥವಾ ಸಣ್ಣ ಆರೋಪಕ್ಕೆ ಇಳಿಸುವಂತೆ ವಾದಿಸಲು ಜಾಗ ಇರುವುದು ಆಗಲೇ.

ಕೇಸ್ ನಂಬರ್ ಕೂಡ ನೋಡಿ. ನಡುವೆ ‘ಎಂಜೆ’ ಅಂತಿದ್ದರೆ ಇನ್ನೂ ಮ್ಯಾಜಿಸ್ಟ್ರೇಟ್ ಹಂತದಲ್ಲಿದೆ. ‘ಸಿಆರ್’ ಅಂತಿದ್ದರೆ ಡಿಸ್ಟ್ರಿಕ್ಟ್ ಕೋರ್ಟಿನ ಕ್ರಿಮಿನಲ್ ಕೇಸಾಗಿದೆ. ಪೇಸರ್ ಅನ್ನುವ ಕೋರ್ಟಿನ ವೆಬ್‌ಸೈಟಿನಲ್ಲಿ ಖಾತೆ ತೆರೆದರೆ ದಾಖಲೆಗಳನ್ನು ನೀವೇ ಓದಬಹುದು. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಶುಲ್ಕವೇ ಇಲ್ಲ. ಊರಿನಲ್ಲಿರುವ ಅಣ್ಣ ತಮ್ಮಂದಿರು ಅವರಿವರ ಮಾತು ನಂಬಿ ನಿದ್ದೆಗೆಡುವುದಕ್ಕಿಂತ ಇದನ್ನು ಓದಲಿ.

## ಹಂತ 4: ವಕೀಲರ ಆಯ್ಕೆ

ವೀಸಾ ಮಾಡಿಸಿಕೊಟ್ಟ ಇಮಿಗ್ರೇಶನ್ ವಕೀಲರು ಇದಕ್ಕೆ ಸಾಲುವುದಿಲ್ಲ. ಅದೇ ಡಿಸ್ಟ್ರಿಕ್ಟಿನಲ್ಲಿ ಫೆಡರಲ್ ಕೇಸ್ ನಡೆಸಿದವರು ಬೇಕು. ಕಳೆದ ಕೆಲವು ವರ್ಷಗಳಲ್ಲಿ ಎಷ್ಟು ಫೆಡರಲ್ ಕೇಸ್ ಮಾಡಿದ್ದೀರಿ, ಎಷ್ಟು ವಿಚಾರಣೆಯವರೆಗೆ ಹೋದವು, ಫೀಸು ವಿಚಾರಣೆಯನ್ನೂ ಸೇರಿಸಿದ್ದಾ ಅಂತ ಬಾಯಿಬಿಟ್ಟು ಕೇಳಿ.

ದುಡ್ಡಿಲ್ಲದಿದ್ದರೆ ಕೋರ್ಟೇ ವಕೀಲರನ್ನು ಕೊಡುತ್ತದೆ. ‘ಕೋರ್ಟ್ ಕೊಟ್ಟ ವಕೀಲ ಅಂದ್ರೆ ಅಷ್ಟಕ್ಕಷ್ಟೇ’ ಅನ್ನುವ ನಮ್ಮ ಅನುಮಾನ ಇಲ್ಲಿ ತಪ್ಪು. ಫೆಡರಲ್ ಪಬ್ಲಿಕ್ ಡಿಫೆಂಡರ್ ಆಫೀಸಿನವರು ದಿನವಿಡೀ ಮಾಡುವುದು ಇದೇ ಕೆಲಸ. ಅಲ್ಲಿನ ನ್ಯಾಯಾಧೀಶರ ರೀತಿ ಅವರಿಗೆ ಚೆನ್ನಾಗಿ ಗೊತ್ತು. ಊರಿನ ಸೈಟ್ ಮಾರಿ, ಫೆಡರಲ್ ಕೋರ್ಟಿನ ಮೆಟ್ಟಿಲೇ ಹತ್ತದ ವಕೀಲರಿಗೆ ದುಡ್ಡು ಸುರಿದ ಕುಟುಂಬವನ್ನು ನೋಡಿ ನನಗೆ ತುಂಬಾ ಬೇಜಾರಾಗಿದೆ. ಆದರೆ ಆಸ್ತಿ ಆದಾಯದ ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ. ಅದು ಪ್ರಮಾಣ ಮಾಡಿ ಕೊಡುವ ಹೇಳಿಕೆ.

ಕಂಪನಿಯ ವಕೀಲರು ನಿಮ್ಮ ವಕೀಲರಲ್ಲ. ಮೀಟಿಂಗ್ ರೂಮಿನಲ್ಲಿ ಎಷ್ಟೇ ಸ್ನೇಹದಿಂದ ಮಾತಾಡಿದರೂ ಅವರ ಕಕ್ಷಿದಾರ ಕಂಪನಿ. ನೀವು ಹೇಳಿದ್ದನ್ನು ಕಂಪನಿ ಮನಸ್ಸು ಮಾಡಿದರೆ ಸರ್ಕಾರಕ್ಕೆ ಕೊಡಬಹುದು. ಹಾಗೆಯೇ ಇಬ್ಬರು ಆರೋಪಿಗಳಿಗೆ ಒಬ್ಬರೇ ವಕೀಲರು ಬೇಡ, ಅಣ್ಣ ತಮ್ಮ ಆದರೂ ಸರಿ.

ಫಲಿತಾಂಶಕ್ಕೆ ಗ್ಯಾರಂಟಿ ಕೊಡುವವರು, ಜಡ್ಜ್ ನನಗೆ ಗೊತ್ತು ಅನ್ನುವವರು, ನಿಮ್ಮ ವೀಸಾ ಸ್ಥಿತಿ ಏನು ಅಂತ ಮೊದಲ ಭೇಟಿಯಲ್ಲಿ ಕೇಳದವರು: ಈ ಮೂವರಿಂದಲೂ ದೂರ ಇರಿ.

## ಹಂತ 5: ಮೊದಲ ಹಾಜರಿ ಮತ್ತು ಜಾಮೀನು

ಬಂಧಿಸಿದ ಮೇಲೆ ಅನಗತ್ಯ ತಡ ಮಾಡದೆ ಮ್ಯಾಜಿಸ್ಟ್ರೇಟ್ ಜಡ್ಜ್ ಮುಂದೆ ಹಾಜರು ಮಾಡಬೇಕು. ಅಲ್ಲಿ ಆರೋಪ, ಹಕ್ಕು, ವಕೀಲರ ವಿಷಯ ಬರುತ್ತದೆ. ನೀವು ಭಾರತೀಯ ಪ್ರಜೆಯಾದರೆ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವ ಹಕ್ಕಿದೆ. ಭಾರತದವರ ವಿಷಯದಲ್ಲಿ ನೀವು ಕೇಳಿಕೊಂಡರೆ ಮಾತ್ರ ತಿಳಿಸಬೇಕಾಗುತ್ತದೆ. ಕೇಳಿ. ಆದರೆ ಕಾನ್ಸುಲೇಟಿನವರ ಹತ್ತಿರವೂ ಕೇಸಿನ ಘಟನೆ ಬಿಚ್ಚಿಡಬೇಡಿ.

ಆ ದಿನದ ದೊಡ್ಡ ಕೆಲಸ ಕೋರ್ಟ್ ಹಾಲಿಗೆ ಹೋಗುವ ಮುಂಚೆಯೇ ನಡೆಯುತ್ತದೆ. ಜಾಮೀನಿಗಾಗಿ ಕೋರ್ಟಿಗೆ ವರದಿ ಕೊಡುವ ಪ್ರೀಟ್ರಯಲ್ ಸರ್ವಿಸಸ್ ಅಧಿಕಾರಿ ಬಂದು ಮನೆ, ಕೆಲಸ, ಸಂಸಾರ, ಆರೋಗ್ಯ, ಆಸ್ತಿ, ವಿದೇಶ ಪ್ರಯಾಣದ ಬಗ್ಗೆ ಕೇಳುತ್ತಾರೆ. ಜಡ್ಜ್ ಜಾಮೀನು ನಿರ್ಧರಿಸುವುದು ಬಹುಮಟ್ಟಿಗೆ ಈ ವರದಿ ನೋಡಿ. ವಕೀಲರು ಪಕ್ಕದಲ್ಲಿರಲಿ ಅಂತ ಕೇಳಿ. ಕೇಸಿನ ಘಟನೆ ಬಗ್ಗೆ ಒಂದು ಮಾತೂ ಬೇಡ. ಉಳಿದಿದ್ದಕ್ಕೆ ನಿಜ ಹೇಳಿ.

ಇಲ್ಲೇ ನಮ್ಮವರು ಮತ್ತೆ ಜಾರುತ್ತಾರೆ. ‘ಇಂಡಿಯಾದಲ್ಲಿ ಆಸ್ತಿ ಇದೆಯಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ಮೈಸೂರಿನ ಸೈಟ್ ನೆನಪಿಗೇ ಬರುವುದಿಲ್ಲ. ಹಾಸನದ ಹತ್ತಿರದ ತೋಟ ಇನ್ನೂ ಅಪ್ಪನ ಹೆಸರಲ್ಲಿದೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೇ ಹೊತ್ತಿಗೆ ಹೊರಗೆ ಹೆಂಡತಿಯನ್ನು ಕೇಳಿದರೆ ಆಕೆ ಎರಡನ್ನೂ ಹೇಳುತ್ತಾಳೆ. ಇಬ್ಬರ ಮಾತು ತಾಳೆಯಾಗದಿದ್ದರೆ ಜಡ್ಜ್‌ಗೆ ಕಾಣುವುದು ಓಡಿಹೋಗಲು ಜಾಗ ಇಟ್ಟುಕೊಂಡ ಮನುಷ್ಯ. ಅವಿಭಕ್ತ ಆಸ್ತಿಯನ್ನು ಹೇಗೆ ಹೇಳಬೇಕು ಅಂತ ವಕೀಲರಿಗೆ ಮೊದಲೇ ಬಿಡಿಸಿ ಹೇಳಿ.

ಸರ್ಕಾರ ಬಂಧನದಲ್ಲೇ ಇಡಲು ಕೇಳಿದರೆ ಅದಕ್ಕೊಂದು ಹಿಯರಿಂಗ್ ಇದೆ. ಸರ್ಕಾರ ಮೂರು ದಿನದವರೆಗೆ, ನಿಮ್ಮ ಕಡೆಯವರು ಐದು ದಿನದವರೆಗೆ ಸಮಯ ಕೇಳಬಹುದು. ಶನಿವಾರ, ಭಾನುವಾರ, ರಜೆ ಲೆಕ್ಕಕ್ಕಿಲ್ಲ. ಆತುರಪಡುವುದಕ್ಕಿಂತ ಆ ದಿನಗಳನ್ನು ಸಹಿ ಹಾಕುವವರನ್ನು, ಬಾಡಿಗೆ ಕರಾರನ್ನು, ಮಕ್ಕಳ ಶಾಲೆಯ ಪತ್ರವನ್ನು ಹೊಂದಿಸಲು ಬಳಸುವುದು ಎಷ್ಟೋ ಸಲ ಒಳ್ಳೆಯದು. ಜಾಮೀನು ಅಂದರೆ ಇಲ್ಲಿ ಯಾವಾಗಲೂ ನಗದು ಕಟ್ಟುವುದಲ್ಲ. ಸಹಿಯ ಬಾಂಡ್, ಪಾಸ್‌ಪೋರ್ಟ್ ಒಪ್ಪಿಸುವುದು, ಕಾಲಿಗೆ ಜಿಪಿಎಸ್ ಇವೇ ಸಾಮಾನ್ಯ ಷರತ್ತು.

ವೀಸಾದಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ. ಜಡ್ಜ್ ಬಿಟ್ಟರೂ ಇಮಿಗ್ರೇಶನ್ ಇಲಾಖೆ ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಬಾಂಡ್ ಕಟ್ಟುವ ಮುಂಚೆ ಕ್ರಿಮಿನಲ್, ಇಮಿಗ್ರೇಶನ್ ಇಬ್ಬರೂ ವಕೀಲರು ಒಂದೇ ಕಾಲ್‌ನಲ್ಲಿ ಕೂತು ಈ ಪ್ರಶ್ನೆ ಬಗೆಹರಿಸಲಿ. ಎಚ್-1ಬಿ ವೀಸಾದ ಕೆಲಸ ಹೋದರೆ ದೇಶದಲ್ಲಿ ಉಳಿಯಲು ಸಿಗುವ 60 ದಿನದ ಗಡುವೂ ಆ ಮಾತಿನಲ್ಲಿ ಬರಲಿ.

## ಹಂತ 6: ಆರೇನ್‌ಮೆಂಟ್ ಮತ್ತು ಗಡುವು

ಆರೇನ್‌ಮೆಂಟ್ ಅಂದರೆ ಕೋರ್ಟಿನಲ್ಲಿ ಆರೋಪ ಓದಿ ಹೇಳುವುದು. ಅದಾದ ಮೇಲೆ ‘ನಾಟ್ ಗಿಲ್ಟಿ’ ಅನ್ನುವುದು ವಾಡಿಕೆ. ಇದು ಸುಳ್ಳು ಹೇಳಿದಂತೆ ಅಲ್ಲ. ಸಾಬೀತು ಮಾಡಿ ಅಂತ ಸರ್ಕಾರಕ್ಕೆ ಹೇಳುವುದು ಅಷ್ಟೇ. ಆಮೇಲೆ ಬದಲಿಸಬಹುದು.

ಬಂಧನವಾದ 30 ದಿನದೊಳಗೆ ಇಂಡೈಟ್‌ಮೆಂಟ್ ಬರಬೇಕು. ಇಂಡೈಟ್‌ಮೆಂಟ್ ಸಲ್ಲಿಕೆ ಅಥವಾ ಮೊದಲ ಹಾಜರಿ, ಇದರಲ್ಲಿ ಯಾವುದು ತಡವೋ ಅಲ್ಲಿಂದ 70 ದಿನದೊಳಗೆ ವಿಚಾರಣೆ ಶುರುವಾಗಬೇಕು. ಆದರೆ ಅರ್ಜಿ ಹಾಕಿದ, ತಯಾರಿಗೆ ಸಮಯ ಕೇಳಿದ ದಿನಗಳನ್ನು ಕಳೆಯುತ್ತಾರೆ. ಹಾಗಾಗಿ ವರ್ಷ ದಾಟುವುದು ಮಾಮೂಲು. ತಡವಾಯಿತು ಅಂತ ಊರಿನವರು ಗಾಬರಿಪಡಬೇಕಿಲ್ಲ.

ಪತ್ರಿಕಾ ಪ್ರಕಟಣೆಯಲ್ಲಿ ‘20 ವರ್ಷ ಶಿಕ್ಷೆಯಾಗಬಹುದು’ ಅಂತ ಓದಿ ಅಮ್ಮಂದಿರು ಹಾಸಿಗೆ ಹಿಡಿಯುತ್ತಾರೆ. ಅದು ಕಾನೂನಿನಲ್ಲಿರುವ ಗರಿಷ್ಠ ಮಿತಿ. ನಿಜವಾದ ಲೆಕ್ಕ ಬೇರೆ, ಹಂತ 10ರಲ್ಲಿದೆ.

## ಹಂತ 7: ಸಾಕ್ಷ್ಯ ಓದುವುದು

ಸರ್ಕಾರ ತನ್ನ ಬಳಿಯ ದಾಖಲೆ, ನಿಮ್ಮ ಹೇಳಿಕೆ, ಪರೀಕ್ಷಾ ವರದಿಗಳನ್ನು ಕೊಡಬೇಕು. ನಿಮಗೆ ಅನುಕೂಲವಾಗುವ ಮುಖ್ಯ ಸಾಕ್ಷ್ಯವನ್ನು ಮುಚ್ಚಿಡುವಂತಿಲ್ಲ. 1963ರ ಬ್ರೇಡಿ ತೀರ್ಪಿನ ನಿಯಮ ಅದು.

ಇಲ್ಲಿ ನೀವು ವಕೀಲರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ಒಂದಿದೆ. ದಿನಾಂಕವಾರು ಪಟ್ಟಿ ಮಾಡಿ: ಯಾವ ಇಮೇಲ್, ಯಾರಿಗೆ, ಆಗ ಯಾಕೆ ಹಾಗೆ ಬರೆದಿರಿ. ಮೇಲ್ಗಡೆ ‘ನನ್ನ ವಕೀಲರಿಗಾಗಿ’ ಅಂತ ಬರೆದು ಅವರಿಗೆ ಮಾತ್ರ ಕೊಡಿ. ಬಂದ ದಾಖಲೆಗಳನ್ನು ಊರಿಗೆ ಫಾರ್ವರ್ಡ್ ಮಾಡಬೇಡಿ. ಎಷ್ಟೋ ಕೇಸಿನಲ್ಲಿ ಅದಕ್ಕೆ ಕೋರ್ಟಿನ ನಿರ್ಬಂಧ ಇರುತ್ತದೆ. ಹುಡುಕಾಟ ಅಥವಾ ಹೇಳಿಕೆ ಕಾನೂನುಬಾಹಿರವಾಗಿದ್ದರೆ ಅದನ್ನು ಕೈಬಿಡಿ ಅಂತ ಅರ್ಜಿ ಹಾಕುವುದೂ ಈ ಹಂತದಲ್ಲೇ.

## ಹಂತ 8: ಪ್ಲೀ ಒಪ್ಪಂದ

ಪ್ಲೀ ಒಪ್ಪಂದ ಅಂದರೆ ತಪ್ಪೊಪ್ಪಿಕೊಳ್ಳುವ ಬಗ್ಗೆ ಸರ್ಕಾರದ ಜೊತೆ ಮಾಡಿಕೊಳ್ಳುವ ಒಪ್ಪಂದ. ಫೆಡರಲ್ ಕೋರ್ಟಿನಲ್ಲಿ ಶಿಕ್ಷೆಯಾದವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ತಪ್ಪೊಪ್ಪಿಕೊಂಡವರೇ. ನಿಮ್ಮ ಕೇಸೂ ಈ ಮೇಜಿನ ಮೇಲೆ ಮುಗಿಯುವ ಸಾಧ್ಯತೆ ಹೆಚ್ಚು. ಆದ್ದರಿಂದ ನಿಧಾನವಾಗಿ ಓದಿ.

ಮೊದಲು ನೋಡಬೇಕಾದ್ದು ನಷ್ಟದ ಮೊತ್ತ. ವಂಚನೆ ಕೇಸಿನಲ್ಲಿ ನಷ್ಟ 10,000 ಡಾಲರ್ ದಾಟಿದರೆ ಇಮಿಗ್ರೇಶನ್ ಕಾನೂನಿನಲ್ಲಿ ಅದು ‘ಅಗ್ರವೇಟೆಡ್ ಫೆಲನಿ’, ಅಂದರೆ ಗಡಿಪಾರಿಗೆ ದಾರಿ ಮಾಡುವ ಗಂಭೀರ ಅಪರಾಧ. ಜೈಲಿನ ದಿನ ಕಡಿಮೆ ಅಂತ ಒಪ್ಪಿ, ಗ್ರೀನ್ ಕಾರ್ಡ್ ಕಳೆದುಕೊಂಡು ಗಡಿಪಾರಾದವರಿದ್ದಾರೆ. ಗಡಿಪಾರಿನ ಅಪಾಯವನ್ನು ವಕೀಲರು ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2010ರ ಪಡೀಯಾ ತೀರ್ಪಿನಲ್ಲಿ ಹೇಳಿದೆ. ಇಮಿಗ್ರೇಶನ್ ವಕೀಲರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯದೆ ಸಹಿ ಹಾಕಬೇಡಿ.

ಆಮೇಲೆ ಅಪೀಲಿನ ಹಕ್ಕು ಬಿಟ್ಟುಕೊಡುವ ಷರತ್ತು, ಕಟ್ಟಿಕೊಡಬೇಕಾದ ಹಣ, ಒಪ್ಪಿಕೊಳ್ಳುವ ಘಟನೆಗಳ ವಿವರ ನೋಡಿ. ಜಡ್ಜ್ ಈ ಮಾತುಕತೆಯಲ್ಲಿ ಸೇರುವುದಿಲ್ಲ. ಸರ್ಕಾರಿ ವಕೀಲರು ಹೇಳಿದ ಶಿಕ್ಷೆಗೆ ಅವರು ಬಹುಪಾಲು ಸಲ ಬದ್ಧರೂ ಅಲ್ಲ.

ಒಪ್ಪಿಕೊಳ್ಳುವ ದಿನ ಜಡ್ಜ್ ಹತ್ತಾರು ಪ್ರಶ್ನೆ ಕೇಳುತ್ತಾರೆ: ಅರ್ಥವಾಯಿತಾ, ಯಾರಾದರೂ ಬಲವಂತ ಮಾಡಿದರಾ, ಬೇರೆ ಆಸೆ ತೋರಿಸಿದರಾ. ನಮ್ಮವರು ಎಲ್ಲಕ್ಕೂ ತಲೆಯಾಡಿಸಿ ‘ಯೆಸ್ ಯುವರ್ ಆನರ್’ ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಆಮೇಲೆ ‘ನನಗೆ ಅರ್ಥವಾಗಿರಲಿಲ್ಲ’ ಅಂದರೆ ಆ ದಿನದ ದಾಖಲೆಯನ್ನೇ ಎದುರಿಗಿಡುತ್ತಾರೆ. ಇಂಗ್ಲಿಷ್ ಕಷ್ಟವಾದರೆ ಅನುವಾದಕರನ್ನು ಕೇಳಿ. ಅದು ನಿಮ್ಮ ಹಕ್ಕು. ಅದರಲ್ಲೂ ಮಕ್ಕಳ ಮನೆಗೆ ಬಂದು ಕೇಸಿನಲ್ಲಿ ಸಿಕ್ಕಿಕೊಂಡ ಹಿರಿಯರ ಪರವಾಗಿ ಮಗನೋ ಸೊಸೆಯೋ ಪಕ್ಕದಲ್ಲಿ ಪಿಸುಗುಟ್ಟುವುದು ಬೇಡ.

## ಹಂತ 9: ವಿಚಾರಣೆ

12 ಜನರ ಜ್ಯೂರಿ, ಎಲ್ಲರೂ ಒಪ್ಪಲೇಬೇಕು. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊರೆ ಸರ್ಕಾರದ್ದು. ನೀವು ಸಾಕ್ಷಿ ಹೇಳಬೇಕೋ ಬೇಡವೋ ಅನ್ನುವುದು ನಿಮ್ಮದೇ ನಿರ್ಧಾರ. ಹೇಳದಿದ್ದರೆ ಜ್ಯೂರಿ ಅದನ್ನು ನಿಮ್ಮ ವಿರುದ್ಧ ಎಣಿಸುವಂತಿಲ್ಲ. ಕಾರಿಡಾರಿನಲ್ಲಿ, ಲಿಫ್ಟಿನಲ್ಲಿ ಜ್ಯೂರಿಯವರು ಎದುರಾದರೆ ನಮಸ್ಕಾರವನ್ನೂ ಹೇಳಬೇಡಿ. ಜೊತೆಗೆ ಬಂದ ನೆಂಟರಿಗೂ ಇದನ್ನು ಹೇಳಿಡಿ.

## ಹಂತ 10: ಶಿಕ್ಷೆಯ ಲೆಕ್ಕ

ಪ್ರೊಬೇಷನ್ ಅಧಿಕಾರಿ ನಿಮ್ಮ ಇಡೀ ಬದುಕಿನ ವರದಿ ಬರೆಯುತ್ತಾರೆ. ಶಿಕ್ಷೆಯ ದಿನಕ್ಕೆ ಕನಿಷ್ಠ 35 ದಿನ ಮುಂಚೆ ಅದು ಕೈ ಸೇರಬೇಕು. ತಪ್ಪಿದ್ದರೆ 14 ದಿನದೊಳಗೆ ಆಕ್ಷೇಪಣೆ. ಒಂದೊಂದು ಸಾಲೂ ಓದಿ, ಯಾಕಂದರೆ ಜೈಲು ಇಲಾಖೆಯೂ ನಿಮ್ಮನ್ನು ಎಲ್ಲಿ ಇಡಬೇಕು ಅಂತ ನೋಡುವುದು ಇದನ್ನೇ.

ಗೈಡ್‌ಲೈನ್ಸ್ ಅಂದರೆ ಶಿಕ್ಷೆ ಎಷ್ಟು ಅಂತ ಲೆಕ್ಕ ಹಾಕುವ ಒಂದು ಕೋಷ್ಟಕ. ಒಂದು ಕಡೆ ಅಪರಾಧದ 43 ಹಂತ, ಇನ್ನೊಂದು ಕಡೆ ಹಿಂದಿನ ಅಪರಾಧಗಳ ಆರು ವರ್ಗ. ಎರಡೂ ಸೇರುವ ಚೌಕದಲ್ಲಿ ತಿಂಗಳ ಲೆಕ್ಕ ಇರುತ್ತದೆ. ವಂಚನೆಯಲ್ಲಿ ನಷ್ಟ ಹೆಚ್ಚಿದಷ್ಟೂ ಹಂತ ಏರುತ್ತದೆ. ತಪ್ಪು ಒಪ್ಪಿಕೊಂಡರೆ ಎರಡು ಅಥವಾ ಮೂರು ಹಂತ ಇಳಿಯಬಹುದು. ಹಿಂದೆ ಏನೂ ಇಲ್ಲದಿದ್ದರೆ, ಷರತ್ತು ಹೊಂದಿದರೆ, ಇನ್ನೆರಡು. 2005ರಿಂದ ಈ ಕೋಷ್ಟಕ ಸಲಹೆ ಮಾತ್ರ. ಜಡ್ಜ್ ಕೆಳಗೂ ಹೋಗಬಹುದು, ಮೇಲೂ ಹೋಗಬಹುದು.

ಹಾಗಾಗಿ ಪತ್ರಗಳಿಗೆ ಬೆಲೆಯಿದೆ. ಊರಿನಿಂದ ಬರುವ ಪತ್ರಗಳು ಹೀಗಿರುತ್ತವೆ: ‘ಇವರು ನಿರಪರಾಧಿ, ಗೌರವಾನ್ವಿತ ಮನೆತನದವರು, ಯಾರೋ ಸಿಕ್ಕಿಸಿದ್ದಾರೆ.’ ತಪ್ಪೊಪ್ಪಿಕೊಂಡ ಮೇಲೆ ಇಂಥ ಪತ್ರ ಕೆಡುಕೇ ಮಾಡುತ್ತದೆ. ಅದರ ಬದಲು ‘ಇವರು ಏನು ಒಪ್ಪಿಕೊಂಡಿದ್ದಾರೆ ಅಂತ ನನಗೆ ಗೊತ್ತು. ನನ್ನ ಗಂಡ ತೀರಿಕೊಂಡ ವರ್ಷ ಮಗಳ ಕಾಲೇಜ್ ಫೀಸು ಕಟ್ಟಿದವರು ಇವರೇ’ ಅಂತ ಕಂಡದ್ದನ್ನು ಬರೆದರೆ ಜಡ್ಜ್ ನಿಂತು ಓದುತ್ತಾರೆ. ಕನ್ನಡದಲ್ಲೇ ಬರೆಸಿ, ಅನುವಾದ ಸೇರಿಸಿ. ವಕೀಲರಿಗೆ ಕೊಡಿ, ನೇರ ಜಡ್ಜ್‌ಗೆ ಕಳಿಸಬೇಡಿ.

ಪರೋಲ್ ನಂಬಿ ಕೂರಬೇಡಿ. 1987ರ ನವೆಂಬರ್ 1ರ ನಂತರದ ಅಪರಾಧಗಳಿಗೆ ಫೆಡರಲ್‌ನಲ್ಲಿ ಪರೋಲ್ ಇಲ್ಲ. ಒಂದು ವರ್ಷ ಮೀರಿದ ಶಿಕ್ಷೆಯಾದರೆ ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ ಸಿಗಬಹುದು. 2018ರ ಫಸ್ಟ್ ಸ್ಟೆಪ್ ಕಾಯ್ದೆಯ ಹೆಚ್ಚುವರಿ ಕಡಿತ, ಅಂತಿಮ ಗಡಿಪಾರು ಆದೇಶ ಇರುವವರಿಗೆ ಅನ್ವಯಿಸುವುದಿಲ್ಲ.

## ಹಂತ 11: ಹದಿನಾಲ್ಕು ದಿನ

ತೀರ್ಪು ದಾಖಲಾದ 14 ದಿನದೊಳಗೆ ಅಪೀಲಿನ ನೋಟಿಸ್ ಹಾಕಬೇಕು. ಮಧ್ಯೆ ಬರುವ ರಜೆ, ವಾರಾಂತ್ಯ ಎಲ್ಲವೂ ಇದರಲ್ಲಿ ಸೇರುತ್ತವೆ. ಅಳು, ಸಮಾಧಾನ, ಊರಿಗೆ ಫೋನ್ ಇವುಗಳಲ್ಲೇ ಈ ಎರಡು ವಾರ ಕಳೆದುಹೋಗುವುದನ್ನು ನೋಡಿದ್ದೇನೆ. ಅಪೀಲ್ ಬೇಕಿದ್ದರೆ ವಕೀಲರಿಗೆ ಅದೇ ಸಂಜೆ ಬರಹದಲ್ಲಿ ಹೇಳಿ, ಪ್ರತಿ ಇಟ್ಟುಕೊಳ್ಳಿ. ಅಪೀಲ್ ಹಕ್ಕು ಬಿಟ್ಟುಕೊಟ್ಟ ಷರತ್ತಿಗೆ ಸಹಿ ಹಾಕಿದ್ದರೂ, ಕಕ್ಷಿದಾರ ಸ್ಪಷ್ಟವಾಗಿ ಕೇಳಿದ ಮೇಲೆ ನೋಟಿಸ್ ಹಾಕದಿರುವುದು ವಕೀಲರ ಲೋಪ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಕೀಲರ ಲೋಪದಂಥ ಕಾರಣಕ್ಕೆ ಹಾಕುವ 2255ನೇ ಸೆಕ್ಷನ್ನಿನ ಅರ್ಜಿಗೆ ಸಾಮಾನ್ಯವಾಗಿ ತೀರ್ಪು ಅಂತಿಮವಾದ ದಿನದಿಂದ ಒಂದು ವರ್ಷ ಸಮಯವಿದೆ. ಆಗ ನೀವು ಬರೆದುಕೊಟ್ಟ ಆ ಪ್ರತಿಯೇ ಕೈಗೆ ಬೇಕಾಗುವ ಮೊದಲ ಕಾಗದ.